ಆಟಗಾರನ ಎದೆಯೂ ಪ್ರಾಯೋಜಕನ ಹೆಸರೂ
(ಒಂದು ಬಹಿರಂಗ ಪತ್ರ)

ಶ್ರೀ ರಾಹುಲ್ ಬೋಸ್ ಅವರಿಗೆ,
ಅಧ್ಯಕ್ಷರು, ಭಾರತೀಯ ರಗ್ಬಿ ಫುಟ್‌ಬಾಲ್ ಒಕ್ಕೂಟ

ಮಾನ್ಯರೇ,

ಪುಣೆಯಲ್ಲಿ ಬಹುಕಾಲದಿಂದ ನೆಲೆಸಿ, ಬಾಲೇವಾಡಿಯ ಕ್ರೀಡಾಂಗಣಕ್ಕೆ ಹೋಗಿ ಆಟ ನೋಡುವುದನ್ನೇ ಒಂದು ವ್ಯಸನವಾಗಿ ಬೆಳೆಸಿಕೊಂಡಿರುವ ಕನ್ನಡಿಗನೊಬ್ಬನು, ಪರಿಚಯದ ಬಲವಾಗಲಿ ಪದವಿಯ ಬಲವಾಗಲಿ ಇಲ್ಲದೆ ತಮಗೆ ಈ ಪತ್ರವನ್ನು ಬರೆಯುವುದಕ್ಕೆ ಕಾರಣವಿಷ್ಟೆ: 2025ರ ಜೂನ್ ತಿಂಗಳಲ್ಲಿ ಮುಂಬಯಿಯ ಅಂಧೇರಿಯಲ್ಲಿ ಆರು ತಂಡಗಳ ರಗ್ಬಿ ಪ್ರೀಮಿಯರ್ ಲೀಗ್ ಮೊದಲ್ಗೊಂಡು, ನಮ್ಮ ಬೆಂಗಳೂರಿನ ಹೆಸರನ್ನು ಹೊತ್ತ ಬ್ರೇವ್‌ಹಾರ್ಟ್ಸ್ ತಂಡವೂ ಅದರಲ್ಲಿ ಕಾಣಿಸಿಕೊಂಡ ಮೇಲೆ, ಈ ದೇಶದಲ್ಲಿ ರಗ್ಬಿಯ ಜೆರ್ಸಿಗೂ ಒಂದು ಮಾರುಕಟ್ಟೆ ಹುಟ್ಟಿದೆ, ಅದು ಬಲಿತು ಹೆಮ್ಮರವಾಗುವ ಮುನ್ನವೇ ಅದಕ್ಕೊಂದು ಮೇರೆಯನ್ನು ಗೊತ್ತುಮಾಡುವ ಅಧಿಕಾರವು ತಮ್ಮ ಕೈಯಲ್ಲಿದೆ.

ಹಣವೇ ಬೇಡವೆನ್ನುವ ವೈರಾಗ್ಯ ನನ್ನದಲ್ಲ. 1998ರಲ್ಲಿ ಭಾರತದ ರಾಷ್ಟ್ರೀಯ ತಂಡವು ಪ್ರಥಮತಃ ಅಂತಾರಾಷ್ಟ್ರೀಯ ಕಣಕ್ಕಿಳಿದಾಗ ಅದರ ಅಂಗಿಯನ್ನು ಸ್ವತಃ ತೊಟ್ಟಿದ್ದ ತಮಗೆ, ಬರಿಗೈಯ ಕ್ರೀಡೆಯ ಕಷ್ಟವೇನೆಂಬುದನ್ನು ನಾನು ವಿವರಿಸಬೇಕಾದುದಿಲ್ಲ. ಹವ್ಯಾಸಿತನವನ್ನು ವ್ರತದಂತೆ ಪಾಲಿಸಿದ ರಗ್ಬಿಯ ಜಾಗತಿಕ ಮಂಡಳಿಯೇ 1995ರ ಆಗಸ್ಟಿನಲ್ಲಿ ಆ ವ್ರತವನ್ನು ಬಿಟ್ಟಿತು. ಕರಿಯ ಅಂಗಿಯನ್ನು ರಾಷ್ಟ್ರದ ಸ್ವತ್ತೆಂದು ಭಾವಿಸುವ ನ್ಯೂಜಿಲೆಂಡ್ ಕೂಡ 2012ರಲ್ಲಿ ಅದರ ಎದೆಯ ಭಾಗವನ್ನು ಅಮೆರಿಕದ ವಿಮಾ ಕಂಪನಿಯೊಂದಕ್ಕೆ ಒಪ್ಪಿಸಿತು. ನಮ್ಮ ಈ ಸೀಮೆಯ ಮಲ್ಲವಿದ್ಯೆಯೂ ಕೊಲ್ಹಾಪುರದ ಶಾಹು ಮಹಾರಾಜರ ಆಶ್ರಯದಲ್ಲಿಯೇ ಅಷ್ಟು ಎತ್ತರಕ್ಕೆ ಏರಿದುದು. ಆದರೆ ಅಲ್ಲಿನ ಖಾಸಬಾಗ್ ಮೈದಾನದ ಕೆಮ್ಮಣ್ಣಿನಲ್ಲಿ ಹೊರಳಿದ ಪೈಲವಾನನ ಮೈಗೆ ಅಖಾಡದ ಮಣ್ಣು ಮೆತ್ತಿತ್ತೇ ಹೊರತು, ಅವನ ಅನ್ನದಾತರ ಹೆಸರು ಅಂಟಿರಲಿಲ್ಲ.

ಭಾರತದಲ್ಲಿ ಈ ಆಟದ ಚರಿತ್ರೆಯ ಮೊದಲ ಅಧ್ಯಾಯವೇ ಹಣಕ್ಕೂ ಆಟಕ್ಕೂ ಇರಬೇಕಾದ ಸಂಬಂಧಕ್ಕೆ ಒಂದು ದೃಷ್ಟಾಂತವಾಗಿದೆ. 1873ರಲ್ಲಿ ಸ್ಥಾಪಿತವಾದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ಬು, ಸದಸ್ಯರು ಪೋಲೋ ಟೆನ್ನಿಸ್‌ಗಳತ್ತ ಸರಿದು ಐದಾರು ವರ್ಷಗಳಲ್ಲಿಯೇ ಮುಂದುವರಿಯಲಾರದಂತಾದಾಗ, ಬ್ಯಾಂಕಿನಲ್ಲಿ ಉಳಿದಿದ್ದ ತನ್ನ ನಿಧಿಯನ್ನು ಬೆಳ್ಳಿಯ ರೂಪಾಯಿಗಳಾಗಿ ಹೊರತೆಗೆದು, ಅವನ್ನು ಕರಗಿಸಿ, ಹಿಡಿಗಳಿಗೆ ಮೂರು ನಾಗರಹಾವುಗಳನ್ನೂ ಮುಚ್ಚಳದ ಮೇಲೊಂದು ಆನೆಯನ್ನೂ ಇಟ್ಟು, ಭಾರತೀಯ ಕುಸುರಿಯ ಕಪ್ಪೊಂದನ್ನು ಮಾಡಿಸಿ ಇಂಗ್ಲೆಂಡಿನ ಒಕ್ಕೂಟಕ್ಕೆ ಅರ್ಪಿಸಿತು. 1879ರಿಂದ ಇಂದಿನವರೆಗೂ ಇಂಗ್ಲೆಂಡು ಸ್ಕಾಟ್ಲೆಂಡುಗಳು ಸೆಣಸುತ್ತಿರುವುದು ಆ ಕಲ್ಕತ್ತಾ ಕಪ್ಪಿಗಾಗಿಯೇ. ಆಳುವ ಜನಾಂಗದ ವಿಲಾಸಿಗಳಾಗಿದ್ದರೂ ಅವರು ಹಣವನ್ನು ಕರಗಿಸಿ ಆಟಕ್ಕೆ ಗೌರವವನ್ನು ಮಾಡಿಟ್ಟರು. ಆಟದ ಗೌರವವನ್ನು ಕರಗಿಸಿ ಹಣ ಮಾಡಲು ಹೊರಟಿರುವ ನಾವು, ಕರಗಿಸತಕ್ಕದ್ದೆಷ್ಟು, ಉಳಿಸತಕ್ಕದ್ದೆಷ್ಟು ಎಂಬ ಲೆಕ್ಕವನ್ನಾದರೂ ಇಡಬೇಡವೇ?

ಪುಣೆಯ ಗಣೇಶೋತ್ಸವದಲ್ಲಿ ರಸ್ತೆಗಳ ಮೇಲೆ ಎದ್ದು ನಿಲ್ಲುವ ಕಮಾನುಗಳನ್ನು ತಾವು ಕಂಡಿರಬಹುದು. ಅವುಗಳ ಜಾಹೀರಾತಿನ ಆದಾಯದಿಂದ ಮಂಡಳಗಳು ಉತ್ಸವದ ವೆಚ್ಚವನ್ನು ತೂಗಿಸುತ್ತವೆಂಬುದೇನೋ ನಿಜ. ಆದರೆ ಬಿಲ್ಡರುಗಳ, ಚಿನ್ನದಂಗಡಿಗಳ ದೊಡ್ಡಕ್ಷರಗಳ ನಡುವೆ ಮಂಡಳದ ಹೆಸರನ್ನು ಹುಡುಕಬೇಕಾಗುತ್ತದೆ. ಆಟಗಾರನ ಅಂಗಿಯು ಅಂಥ ಕಮಾನಾಗಕೂಡದು. ಬೇರಾವ ಆಟದಲ್ಲಿಯೂ ಅಂಗಿಗೆ ರಗ್ಬಿಯಲ್ಲಿರುವಷ್ಟು ದುಡಿಮೆಯಿಲ್ಲ: ಸ್ಕ್ರಮ್ಮಿನಲ್ಲಿ ತಲೆ ತಗ್ಗಿಸಿ ನಿಂತವರು ಒಬ್ಬರನ್ನೊಬ್ಬರು ಬಿಗಿಹಿಡಿಯುವುದು ಆ ಬಟ್ಟೆಯನ್ನೇ, ಗೆರೆಯತ್ತ ನುಗ್ಗುವವನನ್ನು ಕೆಡಹಲು ಹಾರಿದ ಎದುರಾಳಿಯ ಬೆರಳಿಗೆ ಕಡೆಯಲ್ಲಿ ಸಿಕ್ಕುವುದೂ ಅದರ ಅಂಚೇ. ಪಂದ್ಯ ಮುಗಿಯುವಷ್ಟರಲ್ಲಿ ಬೆವರಿನಿಂದ ತೊಯ್ದು, ಹುಲ್ಲಿನ ಕಲೆ ಹತ್ತಿ, ಹೊಲಿಗೆ ಬಿಚ್ಚುವಂತಾಗುವ ಆ ವಸ್ತ್ರದ ಮೇಲೆ ಯಾವ ಹೆಸರು ಇರತಕ್ಕದ್ದೆಂಬುದನ್ನು ಹೆಚ್ಚು ಬೆಲೆ ಕೂಗಿದವನಿಗೆ ಬಿಟ್ಟುಬಿಡುವುದು ಉಚಿತವಲ್ಲ.

ಹೀಗೆ ಬಿಟ್ಟುಬಿಡುವುದರಲ್ಲಿ ವ್ಯಾವಹಾರಿಕವಾದ ಅಪಾಯವೂ ಉಂಟು. ನಮ್ಮ ಗಹುಂಜೆಯಲ್ಲಿ 2012ರಲ್ಲಿ ಉದ್ಘಾಟಿತವಾದ ಕ್ರಿಕೆಟ್ ಕ್ರೀಡಾಂಗಣಕ್ಕೆ ಸಹಾರಾ ಸಮೂಹದ ಮುಖ್ಯಸ್ಥರ ಹೆಸರಿತ್ತು. ಮರುವರ್ಷವೇ ಹಣದ ವಿವಾದವೆದ್ದು ಆ ಹೆಸರನ್ನು ಮರೆಮಾಡಬೇಕಾಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೊಡನೆ ಪ್ರಾಯೋಜಕನಾಗಿದ್ದ ಡ್ರೀಮ್ ಇಲೆವೆನ್ ಹಿಂದೆ ಸರಿದು, ನಮ್ಮ ಕ್ರಿಕೆಟ್ ತಂಡವು ಏಷ್ಯಾ ಕಪ್ಪಿನಲ್ಲಿ ಪ್ರಾಯೋಜಕನ ಹೆಸರಿಲ್ಲದ ಅಂಗಿಯಲ್ಲಿಯೇ ಆಡಿ ಗೆದ್ದಿತು. ಎದೆ ಬರಿದಾದುದರಿಂದ ಒಂದು ರನ್ನೂ ಕಡಮೆಯಾಗಲಿಲ್ಲ. ಸಿರಿವಂತ ಕ್ರಿಕೆಟ್ಟಿಗೆ ಟೈರಿನ ಕಂಪನಿಯೊಂದು ಆ ಸೆಪ್ಟೆಂಬರಿನಲ್ಲಿಯೇ ಒದಗಿಬಂದಿತು. ಎಳೆಯದಾದ ರಗ್ಬಿಗೆ ಅಂಥ ಸಂದರ್ಭ ಬಂದಲ್ಲಿ ಯಾರು ಒದಗುವರು?

ಆದುದರಿಂದ ನನ್ನ ವಿಜ್ಞಾಪನೆಯಿದು. ಮೊದಲನೆಯದಾಗಿ, ಅಂಗಿಯ ಮುಂಭಾಗದಲ್ಲಿ ಊರಿನ ಅಥವಾ ತಂಡದ ಹೆಸರು ಮೇಲೆ, ಪ್ರಾಯೋಜಕನ ಹೆಸರು ಅದರ ಕೆಳಗೆ, ಅದಕ್ಕಿಂತ ಸಣ್ಣಕ್ಷರದಲ್ಲಿ ಇರಲೆಂದು ನಿಯಮವಾಗಲಿ. ಎರಡನೆಯದಾಗಿ, ಯಾರ ಹಣ ಬೇಡವೆಂಬುದನ್ನು ಹಣದ ಚೀಲ ಮುಂದೆ ಬರುವ ಮುನ್ನವೇ ಬರೆದಿಡಲಾಗಲಿ: ತಂಬಾಕಿನ ಜಾಹೀರಾತನ್ನು 2003ರ ಕಾಯಿದೆಯೇ ನಿಷೇಧಿಸಿರುವುದಾದರೂ, ಗುಟ್ಕಾದ ಹೆಸರು ಏಲಕ್ಕಿಯ ವೇಷದಲ್ಲಿಯೂ ಮದ್ಯದ ಹೆಸರು ಸೋಡಾದ ವೇಷದಲ್ಲಿಯೂ ಬಂದು ಬಾಗಿಲು ತಟ್ಟುವುದನ್ನು ಬಲ್ಲವರಿಗೆ ಕಾಯಿದೆಯೊಂದೇ ಸಾಲದೆಂಬುದು ಗೊತ್ತು. ಮೂರನೆಯದಾಗಿ, ಆಟಗಾರನ ಅಂತಃಸಾಕ್ಷಿಗೆ ಒಪ್ಪಂದದಲ್ಲಿ ಒಂದು ಸ್ಥಾನವಿರಲಿ. 2017ರಲ್ಲಿ ನ್ಯೂಜಿಲೆಂಡಿನ ಆಟಗಾರ ಸೋನಿ ಬಿಲ್ ವಿಲಿಯಮ್ಸ್ ತನ್ನ ಧರ್ಮಶ್ರದ್ಧೆಗೆ ಒಗ್ಗದೆಂದು ಬ್ಯಾಂಕಿನ ಹೆಸರಿದ್ದ ಕಾಲರಿಗೆ ಪಟ್ಟಿ ಅಂಟಿಸಿಕೊಂಡು ಆಡಿದಾಗ, ನ್ಯೂಜಿಲೆಂಡಿನ ರಗ್ಬಿ ಅವನಿಗೆ ವಿನಾಯಿತಿ ಕೊಟ್ಟಿತು, ಆಟವೇನೂ ಮುಳುಗಲಿಲ್ಲ. ಕಡೆಯದಾಗಿ, ಶಾಲಾಬಾಲಕ ಬಾಲಕಿಯರ ತಂಡಗಳ ಅಂಗಿಯನ್ನು ಈ ವ್ಯಾಪಾರದಿಂದ ಪೂರ್ತಿ ಹೊರಗಿಟ್ಟು, ವೃತ್ತಿಪರ ತಂಡಗಳ ಜೆರ್ಸಿಯಿಂದ ಬರುವ ಆದಾಯದಲ್ಲಿ ಒಂದು ನಿಶ್ಚಿತ ಪಾಲು ಆ ಮಕ್ಕಳ ಬೂಟಿಗೂ ಮೈದಾನಕ್ಕೂ ಸಲ್ಲಲಿ.

ಈಗಿನ ಯಾವ ತಂಡದ ಮೇಲೂ ಇದು ದೂರಲ್ಲ. ಒಪ್ಪಂದಕ್ಕೆ ಸಹಿ ಬಿದ್ದಮೇಲೆ ನಿಯಮ ತರಹೊರಟರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಮೊದಲೇ ತಂದರೆ ಒಂದು ಹಾಳೆ ಸಾಕು. ಲೀಗಿನ ಮೊದಲ ಆವೃತ್ತಿಯಲ್ಲಿ ಪುಣೆಗೆ ತಂಡವಿರಲಿಲ್ಲ. ಮುಂದೆ ಬಂದಲ್ಲಿ ಅದರ ಅಂಗಿಯನ್ನು ದುಡ್ಡು ಕೊಟ್ಟು ಕೊಳ್ಳುವವರಲ್ಲಿ ನಾನೂ ಒಬ್ಬನಾಗುವೆನು. ಪುಣೆಯೆಂಬ ಹೆಸರು ಅದರ ಮೇಲೆ ಕನ್ನಡಕವಿಲ್ಲದೆ ಓದಲು ಬರುವಂತೆ ತಾವು ಏರ್ಪಾಡು ಮಾಡಬೇಕೆಂದು ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಪುಣೆಯ ಒಬ್ಬ ಕನ್ನಡಿಗ ಪ್ರೇಕ್ಷಕ