ಗಾಳಿಗೆ ತೆರಿಗೆ ಪಂಚಾಂಗ ತಿಳಿಯದು

ಸೆಪ್ಟೆಂಬರ್ 15 ಬಂತೆಂದರೆ ನಮ್ಮಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ವಿನ್ಯಾಸದ ಕುರಿತು, ದೂರದೃಷ್ಟಿಯ ಕುರಿತು ಭಾಷಣಗಳಾಗುತ್ತವೆ. ಆದರೆ ನಕ್ಷೆಯಲ್ಲಿದ್ದ ನೂರು ಟನ್ನಿನ ವಸ್ತುವನ್ನು ಬಯಲಿನಲ್ಲಿ ಮೇಲೆತ್ತಿ ಅದರ ಜಾಗದಲ್ಲಿ ಕೂರಿಸುವವರ ಬಗ್ಗೆ ಮಾತನಾಡುವವರು ವಿರಳ. ಮೂರು ದಶಕ ನಾನು ಮಾಡಿದ್ದು ಅದೇ ಕೆಲಸ. ಉಷ್ಣ ವಿದ್ಯುತ್ ಸ್ಥಾವರಗಳ ಬಾಯ್ಲರ್ ಡ್ರಮ್‌ಗಳಿಂದ ಹಿಡಿದು ಗುಡ್ಡದ ನೆತ್ತಿಯ ಗಾಳಿಯಂತ್ರಗಳವರೆಗೆ ಹಲವು ಬಗೆಯ ಭಾರಗಳನ್ನು ಎತ್ತಿಸಿದ್ದೇನೆ. ಈ ಅನುಭವದಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಭಾರ ಎತ್ತುವ ಅಪಾಯ ಅದರ ಬುಡದಲ್ಲಿ ನಿಂತವನದು. ಎತ್ತಬೇಕೋ ಬೇಡವೋ ಎಂಬ ನಿರ್ಧಾರ ಮಾತ್ರ ದೂರದಲ್ಲಿ ಕುಳಿತವನದು.

ಗಾಳಿಯಂತ್ರದ ಸ್ಥಾಪನೆಯಲ್ಲಿ ಹೊರಗಿನವರಿಗೆ ಸುಲಭವಾಗಿ ತಿಳಿಯದ ಒಂದು ಸಂಗತಿಯಿದೆ. ಗೋಪುರದ ತುದಿಯಲ್ಲಿ ಕೂರುವ ನೆಸೆಲ್ ಐವತ್ತು ಟನ್ನಿಗೂ ಮೀರಿ ತೂಗಬಹುದು. ಆದರೂ ನಮಗೆ ಹೆಚ್ಚಿನ ಭಯ ಅದಕ್ಕಿಂತ ಹಗುರವಾದ ರೆಕ್ಕೆಗಳದ್ದೇ. ಅವುಗಳನ್ನು ರೂಪಿಸಿರುವುದೇ ಗಾಳಿಯನ್ನು ಹಿಡಿಯಲಿಕ್ಕಾಗಿ. ಕ್ರೇನಿನ ಕೊಕ್ಕೆಯಲ್ಲಿ ತೂಗುತ್ತಿರುವಾಗಲೂ ಅವು ಆ ಕೆಲಸವನ್ನು ಬಿಡುವುದಿಲ್ಲ. ಗಾಳಿ ತಳ್ಳುವ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಸೆಕೆಂಡಿಗೆ 8 ಮೀಟರಿನಿಂದ 11 ಮೀಟರಿಗೆ ಹೋದರೆ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮುಖಕ್ಕೆ ತಾಗುವ ಗಾಳಿಯಲ್ಲಿ ಮಾತ್ರ ಅಂಥ ವ್ಯತ್ಯಾಸವೇನೂ ಕಾಣದು.

2005ರ ಸೆಪ್ಟೆಂಬರ್ ಕೊನೆಯ ವಾರ. ಗದಗ ಜಿಲ್ಲೆಯ ಗುಡ್ಡವೊಂದರ ಮೇಲೆ ಕೊನೆಯ ಯಂತ್ರದ ರೋಟರ್ ಏರಿಸುವುದಿತ್ತು. ಆ ವರ್ಷಗಳಲ್ಲಿ ಪವನಯಂತ್ರಗಳಿಗೆ ಆದಾಯ ತೆರಿಗೆಯಲ್ಲಿ ಶೇ 80ರಷ್ಟು ಸವಕಳಿಯ ಅವಕಾಶವಿತ್ತು. ಆದರೆ ಆರ್ಥಿಕ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಯಂತ್ರಕ್ಕೆ ಅದರ ಅರ್ಧ ಮಾತ್ರ. ಹಾಗಾಗಿ ಸೆಪ್ಟೆಂಬರ್ ಮುಗಿಯುವುದರೊಳಗೆ ಯಂತ್ರ ತಿರುಗಲೇಬೇಕೆಂಬುದು ಹೂಡಿಕೆದಾರರ ಹಟ. ಮುಂಗಾರು ಗಾಳಿ ಇನ್ನೂ ಪೂರ್ತಿ ತಗ್ಗದ ದಿನಗಳಲ್ಲೇ ನಾವು ರೆಕ್ಕೆ ಎತ್ತಬೇಕಾಗಿ ಬರುತ್ತಿದ್ದುದು ಹೀಗೆ. ತೆರಿಗೆಯ ಪಂಚಾಂಗ ಗಾಳಿಗೆ ತಿಳಿಯದಲ್ಲ.

ತಯಾರಕರ ಕೈಪಿಡಿ ಹಾಕಿದ್ದ ಮಿತಿ 8 ಮೀಟರ್. ಕ್ರೇನಿನ ತುದಿಯಲ್ಲಿದ್ದ ಮಾಪಕ ಅಂದು ಬೆಳಗಿನಿಂದ 10-11ರ ಆಸುಪಾಸಿನಲ್ಲಿ ಹೊಯ್ದಾಡುತ್ತಿತ್ತು. ಖಲಾಸಿಗಳ ಮುಖ್ಯಸ್ಥ, ನನ್ನ ತಂದೆಯ ವಯಸ್ಸಿನವರು, ಹತ್ತಿರ ಬಂದು, ‘ಸಾಹೇಬ್ರ, ಇವತ್ತ ಬ್ಯಾಡ್ರಿ. ಗಾಳಿ ಸುಮ್ನಿಲ್ಲ’ ಎಂದರು. ನಾನು ಕಚೇರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದದ್ದು ಆದೇಶವೂ ಅಲ್ಲ. ‘ನಿಮ್ಮ ವಿವೇಚನೆಗೆ ಬಿಟ್ಟಿದ್ದೇವೆ. ಆದರೆ ತಾರೀಖು ನಿಮಗೆ ಗೊತ್ತಿದೆ’ ಎಂದಷ್ಟೇ ಹೇಳಿದರು. ಮಧ್ಯಾಹ್ನ ಮಾಪಕ 8ಕ್ಕೆ ಇಳಿದ ಹತ್ತು ನಿಮಿಷವನ್ನೇ ನೆಪವಾಗಿಸಿಕೊಂಡು ನಾನು ಕೈ ಎತ್ತಿ ಸನ್ನೆ ಮಾಡಿದೆ.

ರೋಟರ್ ಅರ್ಧ ಎತ್ತರ ತಲಪುವಷ್ಟರಲ್ಲಿ ಗಾಳಿ ಬೀಸಿತು. ರೆಕ್ಕೆಯ ತುದಿಗೆ ಕಟ್ಟಿದ ಹಗ್ಗ ಹಿಡಿದಿದ್ದವರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಅದನ್ನು ಮುಂಗೈಗೆ ಸುತ್ತಿಕೊಂಡಿದ್ದ. ಹಾಗೆ ಸುತ್ತಿಕೊಳ್ಳಬಾರದೆಂದು ಹೇಳಬೇಕಾದವನೂ ನಾನೇ, ಅವಸರದಲ್ಲಿ ಗಮನಿಸಿರಲಿಲ್ಲ. ಹಗ್ಗ ಅವನನ್ನು ಕಲ್ಲುಗಳ ಮೇಲೆ ಎಳೆದೊಯ್ದಿತು. ಜೀವ ಉಳಿಯಿತು. ಬಲಗೈ ಮತ್ತೆ ದುಡಿಮೆಗೆ ಬರಲಿಲ್ಲ. ತಿಂಗಳ ಕೊನೆಯೊಳಗೆ ಯಂತ್ರ ತಿರುಗಿತು. ವರದಿಯಲ್ಲಿ ‘ಅನಿರೀಕ್ಷಿತ ಗಾಳಿ’ ಎಂದು ಬರೆಯಲಾಯಿತು. ಕೆಳಗಿನ ಸಹಿ ನನ್ನದು. ಆ ಗಾಳಿ ಅನಿರೀಕ್ಷಿತವಾಗಿರಲಿಲ್ಲ ಎಂಬುದನ್ನು ಇಷ್ಟು ವರ್ಷಗಳ ನಂತರವಾದರೂ ಒಪ್ಪಿಕೊಳ್ಳಬೇಕು.

ಇದು ನನ್ನೊಬ್ಬನ ದೌರ್ಬಲ್ಯದ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಕೆನಡಾದ ಕ್ವಿಬೆಕ್ ಸೇತುವೆಯ ದುರಂತವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 1907ರ ಆಗಸ್ಟಿನಲ್ಲಿ ಅಲ್ಲಿನ ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ನಿವೇಶನದಲ್ಲಿದ್ದ ಯುವ ಎಂಜಿನಿಯರ್ ನಾರ್ಮನ್ ಮೆಕ್ಲೂರ್ ಅಳೆದು ಕಂಡುಕೊಂಡಿದ್ದರು. ಆದರೆ ಕೆಲಸ ನಿಲ್ಲಿಸುವ ಮಾತನ್ನು ಹೇಳಬೇಕಿದ್ದವರು ನ್ಯೂಯಾರ್ಕಿನಲ್ಲಿದ್ದ ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್. ಮೆಕ್ಲೂರ್ ರೈಲು ಹತ್ತಿ ಅಲ್ಲಿಗೆ ಹೋದರು. ಹೆಚ್ಚಿನ ಭಾರ ಹೇರಕೂಡದೆಂದು ಕೂಪರ್ ತಂತಿ ಕಳಿಸಿದರು. ಅದು ಹೋದದ್ದು ಕ್ವಿಬೆಕ್‌ಗಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ ಗುತ್ತಿಗೆ ಕಂಪನಿಯ ಕಚೇರಿಗೆ. ಆಗಸ್ಟ್ 29ರ ಅದೇ ಸಂಜೆ ಸೇತುವೆ ನದಿಗೆ ಕುಸಿದು 75 ಕಾರ್ಮಿಕರು ಸತ್ತರು. ಅವರಲ್ಲಿ 33 ಮಂದಿ ಮೊಹಾಕ್ ಬುಡಕಟ್ಟಿನವರು. ಕಂಡವನಿಗೆ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರು ಕಂಡಿರಲಿಲ್ಲ.

ನೂರು ವರ್ಷಗಳ ಮೇಲಾಯಿತು, ನಮ್ಮ ಕಾನೂನು ಇನ್ನೂ ಅಲ್ಲೇ ನಿಂತಂತಿದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ, ಪ್ರಾಣಾಪಾಯ ಸನಿಹದಲ್ಲಿದೆ ಎನಿಸಿದ ನೌಕರ ಅದನ್ನು ಮಾಲೀಕರ ಮತ್ತು ತನಿಖಾಧಿಕಾರಿಯ ಗಮನಕ್ಕೆ ತರಬಹುದು. ಮಾಲೀಕನಿಗೆ ಮನವರಿಕೆಯಾದರೆ ಆತ ಕ್ರಮ ಕೈಗೊಳ್ಳಬೇಕು. ಮೆಕ್ಲೂರ್ ಮಾಡಿದ್ದೂ ಗಮನಕ್ಕೆ ತರುವುದನ್ನೇ. ಬೆಂಗಳೂರಿನ ನಾಗವಾರದ ಬಳಿ 2023ರ ಜನವರಿಯಲ್ಲಿ ಮೆಟ್ರೊ ಕಂಬದ ಕಬ್ಬಿಣದ ಹಂದರ ಉರುಳಿ ತಾಯಿ-ಮಗು ಸತ್ತರು. ಅದೇ ವರ್ಷ ಮಹಾರಾಷ್ಟ್ರದ ಶಹಾಪುರದಲ್ಲಿ ಹೆದ್ದಾರಿಯ ತೊಲೆ ಕೂರಿಸುವ ದೈತ್ಯ ಯಂತ್ರ ಕುಸಿದು 20 ಮಂದಿ ಪ್ರಾಣ ಕಳೆದುಕೊಂಡರು. ಇವುಗಳ ಕಾರಣಗಳು ಬೇರೆ ಬೇರೆ ಇದ್ದಾವು. ಆದರೆ ರಚನೆಯೊಂದು ಅತ್ಯಂತ ದುರ್ಬಲವಾಗಿರುವುದು ಪೂರ್ಣಗೊಂಡ ಮೇಲಲ್ಲ, ಪೂರ್ಣಗೊಳ್ಳುವ ಮುನ್ನ ಎಂಬ ಪಾಠ ಎಲ್ಲಕ್ಕೂ ಸಮಾನ.

ಹೀಗೆ ಪ್ರತಿಯೊಬ್ಬ ಎಂಜಿನಿಯರನೂ ಕೆಲಸ ನಿಲ್ಲಿಸುತ್ತ ಹೋದರೆ ಯೋಜನೆಗಳು ಮುಗಿಯುವುದು ಯಾವಾಗ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ. ದೊಡ್ಡ ಕ್ರೇನು ಸುಮ್ಮನೆ ನಿಂತರೂ ಬಾಡಿಗೆ ಏರುತ್ತಲೇ ಇರುತ್ತದೆ. ಹಾಗಾದರೆ ಆ ಬಾಡಿಗೆಯನ್ನು ಟೆಂಡರಿನಲ್ಲೇ ಸೇರಿಸಬೇಕು. ಗಾಳಿಗಾಗಿ ಕಾಯುವ ದಿನಗಳನ್ನು ಮೊದಲೇ ಎಣಿಸಿ ಒಪ್ಪಂದದಲ್ಲಿ ಬರೆಯಬೇಕು. ಉದ್ಘಾಟನೆಯ ದಿನಾಂಕವನ್ನು ಕೆಲಸ ಮುಗಿದ ಮೇಲೆ ಗೊತ್ತುಪಡಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ನಿವೇಶನದ ಎಂಜಿನಿಯರ್ ಲಿಖಿತ ಕಾರಣ ಕೊಟ್ಟು ‘ಇಂದು ಬೇಡ’ ಎಂದರೆ ಅದೇ ಅಂತಿಮವಾಗಬೇಕು. ಅದಕ್ಕಾಗಿ ಅವನ ಬಡ್ತಿಯಾಗಲಿ ಗುತ್ತಿಗೆದಾರನ ಬಿಲ್ಲಾಗಲಿ ನಿಲ್ಲಕೂಡದು. ‘ವಿವೇಚನೆಗೆ ಬಿಟ್ಟಿದ್ದೇವೆ’ ಎಂಬ ಮಾತಿಗೆ ಅರ್ಥ ಬರುವುದು ಆಗ ಮಾತ್ರ.

ಆ ಗುಡ್ಡದ ಯಂತ್ರ ತಿರುಗತೊಡಗಿದ ವರ್ಷ ಅದರ ಸವಕಳಿಯನ್ನು ಯಾರೋ ಲೆಕ್ಕಪುಸ್ತಕದಲ್ಲಿ ಕ್ರಮವಾಗಿ ಬರೆದುಕೊಂಡಿದ್ದಾರು. ಒಂದೇ ಒಂದು ದಿನ ಕಾದಿದ್ದರೆ ಉಳಿಯುತ್ತಿದ್ದ ಕೈಯೊಂದರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ಎಂಜಿನಿಯರ್‌ಗಳ ದಿನಾಚರಣೆಯಲ್ಲಿ ಹಾರ ಹಾಕುವವರು ಅಂಥ ಲೆಕ್ಕವನ್ನೂ ತೆರೆದು ನೋಡಲಿ.