ಒಂದೇ ಮಾತ್ರೆ, ಬೇರೆ ಬೇರೆ ಫಲ

ಎಮ್ಮಿಗನೂರು, ಕಂಪ್ಲಿಯ ಕಡೆ ಭತ್ತದ ಒಕ್ಕಣೆ ಶುರುವಾಯಿತೆಂದರೆ ದೂಳಿನೊಂದಿಗೆ ಉಬ್ಬಸವೂ ಏಳುತ್ತದೆ. ಸ್ಟೀರಾಯ್ಡ್ ಔಷಧದಿಂದ ಒಬ್ಬನ ಉಸಿರಾಟ ಎರಡು ಮೂರು ದಿನದಲ್ಲೇ ಸಲೀಸಾಗುತ್ತದೆ. ಅದೇ ಔಷಧವನ್ನು ಅಷ್ಟೇ ಪ್ರಮಾಣದಲ್ಲಿ ನುಂಗಿದ ಇನ್ನೊಬ್ಬನಿಗೆ ಗುಣ ಕಾಣುವುದಿಲ್ಲ. ಏಕೆ ಹೀಗೆ?

ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ದಿನವೂ ಸ್ರವಿಸುತ್ತವೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಇದರ ಕೃತಕ ಬಂಧುಗಳು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ, ನಡೆಯಲಾಗದಿದ್ದ ಆಕೆ ಕೆಲವೇ ದಿನಗಳಲ್ಲಿ ಓಡಾಡಿದರು. 1950ರ ನೊಬೆಲ್ ಬಹುಮಾನದಲ್ಲಿ ಹೆಂಚ್‌ಗೂ ಪಾಲು ಸಿಕ್ಕಿತು.

ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ಎಲ್ಲ ಗದ್ದೆಗಳೂ ಒಂದೇ ಸಮ ತೋಯುವುದಿಲ್ಲ. ತೂಬು ತೆರೆದಿರಬೇಕು, ದಾರಿಯಲ್ಲಿ ನೀರು ಸೋರಿಹೋಗಬಾರದು. ಔಷಧದ ಕಥೆಯೂ ಅಷ್ಟೇ. ರಕ್ತದಲ್ಲಿ ಬಂದ ಸ್ಟೀರಾಯ್ಡ್ ಜೀವಕೋಶದೊಳಗಿನ ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಂಡು, ಕೋಶಕೇಂದ್ರವನ್ನು ಹೊಕ್ಕು, ಉರಿಯೂತದ ಜೀನ್‌ಗಳನ್ನು ಅಡಗಿಸಬೇಕು. ಈ ಗ್ರಾಹಕಗಳ ಸಂಖ್ಯೆ, ಚುರುಕು ಎಲ್ಲರಲ್ಲೂ ಒಂದೇ ಅಲ್ಲ.

ಪಿತ್ತಜನಕಾಂಗದ ಕಿಣ್ವಗಳು ಔಷಧವನ್ನು ಒಡೆದುಹಾಕುವ ವೇಗವೂ ಬೇರೆ ಬೇರೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಕಿಣ್ವಗಳನ್ನು ಹೆಚ್ಚಿಸುವುದರಿಂದ ಪ್ರೆಡ್ನಿಸೊಲೋನ್ ಬೇಗ ಕರಗಿಹೋಗುತ್ತದೆ. ಉಬ್ಬಸವಿದ್ದೂ ಬೀಡಿ ಸೇದುವವರಿಗೆ ಎಳೆದುಕೊಳ್ಳುವ ಸ್ಟೀರಾಯ್ಡ್ ಅಷ್ಟಾಗಿ ನಾಟುವುದಿಲ್ಲ.

ರೋಗ ಯಾವ ಹಂತದಲ್ಲಿದೆ ಎಂಬುದೂ ಮುಖ್ಯ. 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಪರೀಕ್ಷೆ ಇದನ್ನು ಸ್ಪಷ್ಟಪಡಿಸಿತು. ಡೆಕ್ಸಾಮೆಥಸೋನ್ ಕೊಟ್ಟಾಗ, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಲ್ಲಿ ಸಾವು ಸುಮಾರು ಮೂರನೇ ಒಂದು ಪಾಲು, ಆಮ್ಲಜನಕ ಮಾತ್ರ ಬೇಕಾದವರಲ್ಲಿ ಐದನೇ ಒಂದು ಪಾಲು ತಗ್ಗಿತು. ಆಮ್ಲಜನಕವೇ ಬೇಡವಾಗಿದ್ದವರಿಗೆ ಲಾಭ ಕಾಣಲಿಲ್ಲ. 2021ರ ಎರಡನೇ ಅಲೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ ತಲೆಯೆತ್ತಿದ ತಾತ್ಕಾಲಿಕ ಆಸ್ಪತ್ರೆಯಲ್ಲಿ ಆಮ್ಲಜನಕಕ್ಕಾಗಿ ಮಲಗಿದವರಿಗೆ ಜೀವ ಉಳಿಸಬಲ್ಲ ಔಷಧವೇ, ಮನೆಯಲ್ಲಿ ಸಣ್ಣ ಜ್ವರದಿಂದ ಮಲಗಿದವರಿಗೆ ನಿರುಪಯುಕ್ತ. ಮಧುಮೇಹಿಗಳಲ್ಲಿ ಇದರ ಅತಿ ಬಳಕೆ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟಿತು.

ಆದ್ದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಸ್ಟೀರಾಯ್ಡ್ ಮಾತ್ರೆ ತರುವುದು ಜಾಣತನವಲ್ಲ. ವಾರಗಟ್ಟಲೆ ನುಂಗಿದ್ದನ್ನು ಥಟ್ಟನೆ ಬಿಡುವುದೂ ಸಲ್ಲದು. ಅಷ್ಟು ದಿನ ಕೆಲಸ ನಿಲ್ಲಿಸಿದ್ದ ಅಡ್ರಿನಲ್ ಗ್ರಂಥಿ ಕೂಡಲೇ ಎಚ್ಚೆತ್ತುಕೊಳ್ಳದಿದ್ದರೆ ಪ್ರಾಣಕ್ಕೇ ಕುತ್ತು. ಗುಣ ಕಾಣದಿದ್ದರೆ ಮಾತ್ರೆ ಹೆಚ್ಚಿಸುವ ಮುನ್ನ, ಬೇರೇನು ಔಷಧ ನಡೆದಿದೆ, ಬೀಡಿಯ ಚಟವಿದೆಯೇ, ಸಕ್ಕರೆ ಕಾಯಿಲೆಯಿದೆಯೇ ಎಂಬುದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.