ಮೇಡಂ, ಅದು ನಿಮಗೆ ಗೊತ್ತಾಗೋಲ್ಲ

ಗ್ಯಾರೇಜಿಗೆ ಹೋದ ಹೆಂಗಸಿಗೆ ಸಿಗುವ ಮೊದಲ ಉತ್ತರ, "ಮೇಡಂ, ಅದು ನಿಮಗೆ ಗೊತ್ತಾಗೋಲ್ಲ." ಎರಡನೆಯದು, "ಯಜಮಾನರನ್ನ ಕಳಿಸಿ." ಒಂದು ಸೀರೆ ಮಾರಲು ನೂರು ಸೀರೆ ಬಿಚ್ಚಿ ತೋರಿಸುವ ತಾಳ್ಮೆ ಇರುವ ಊರಿನಲ್ಲಿ, ಪ್ರಾಣದ ಪ್ರಶ್ನೆಯಾದ ಬ್ರೇಕಿನ ಬಗ್ಗೆ ಎರಡು ಮಾತು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಇದನ್ನು ನಾವು ಯಾಕೆ ಸಹಿಸಿಕೊಳ್ಳಬೇಕು?

ಮುಂದಿನ ಚಕ್ರದ ಬ್ರೇಕ್ ಹೋಸ್ ಬದಲಾಯಿಸಿ ಕೊಟ್ಟ ನನ್ನ ಕಾರಿನ ಪೆಡಲ್, ನೆನೆದ ಸ್ಪಂಜು ತುಳಿದಂತೆ ಇಳಿಯುತ್ತಿತ್ತು. ಬೆನ್ನುಬೆನ್ನಿಗೆ ಮೂರು ಸಲ ಒತ್ತಿದರೆ ಮಾತ್ರ ಗಟ್ಟಿಯಾಗಿ ಮೇಲೆ ನಿಲ್ಲುತ್ತಿತ್ತು. ಹೇಳಿದರೆ, "ಹೊಸ ಪಾರ್ಟು, ನಾಲ್ಕು ದಿನ ಓಡಿಸಿ, ಸೆಟ್ ಆಗುತ್ತೆ. ಲೇಡೀಸ್ ಕಾಲು ಹಗುರ ಅಲ್ವಾ" ಎಂದರು. ಹೊಸ ಪ್ಯಾಡ್ ಹಾಕಿದಾಗ ಹಿಡಿತ ಕೂಡಿಬರಲು ಸ್ವಲ್ಪ ಓಡಬೇಕು, ನಿಜ. ಆದರೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಸೆಟ್ ಆಗಲು ಅದೇನು ಹೊಸ ಚಪ್ಪಲಿಯೇ?

ಇದರಲ್ಲಿ ಬ್ರಹ್ಮವಿದ್ಯೆ ಏನಿಲ್ಲ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಒತ್ತಡವನ್ನು ಎಲ್ಲ ದಿಕ್ಕಿಗೂ ಸಾಗಿಸುತ್ತದೆ. ಹೈಸ್ಕೂಲಿನಲ್ಲಿ ನಾವೆಲ್ಲ ಉರುಹೊಡೆದ ಪಾಸ್ಕಲನ ನಿಯಮವೇ ಅದು. ಗಾಳಿ ಮಾತ್ರ ಕುಗ್ಗುತ್ತದೆ. ರಿಪೇರಿಗೆಂದು ಕೊಳವೆ ಬಿಚ್ಚಿದಾಗ ಒಳಗೆ ನುಗ್ಗಿದ ಗಾಳಿಯನ್ನು ಹೊರಗೆ ಹಾಕದಿದ್ದರೆ, ನಮ್ಮ ಕಾಲಿನ ಶಕ್ತಿಯೆಲ್ಲ ಆ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿಯುತ್ತದೆ. ಅದನ್ನು ಹೊರಹಾಕುವ ಕೆಲಸಕ್ಕೆ ಬ್ಲೀಡಿಂಗ್ ಎನ್ನುತ್ತಾರೆ.

ಮಾಡುವುದು ಹೀಗೆ. ಚಕ್ರದ ಬಳಿಯ ಸಣ್ಣ ನಿಪ್ಪಲ್ಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದೊಡನೆ ಬಿಗಿಯಬೇಕು. ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ! ಗುಳ್ಳೆ ನಿಲ್ಲುವವರೆಗೆ ಇದೇ ಕೆಲಸ. ನಡುವೆ ಮೇಲಿನ ಡಬ್ಬಿ ಬರಿದಾಗದಂತೆ ಹೊಸ ಆಯಿಲ್ ಸುರಿಯುತ್ತಿರಬೇಕು. ಗೊಜ್ಜು ಅಡಿ ಹಿಡಿಯದಂತೆ ನೋಡಿಕೊಳ್ಳುವವಳಿಗೆ ಇಷ್ಟು ಅರ್ಥವಾಗುವುದಿಲ್ಲವೇ?

ಹೊರಬಂದ ಆಯಿಲನ್ನೇ ಸೋಸಿ ಮತ್ತೆ ಸುರಿಯುವ ಜಾಣರೂ ಇದ್ದಾರೆ. ಬ್ರೇಕ್ ಆಯಿಲ್ ನಮ್ಮ ಮಳೆಗಾಲದ ಉಪ್ಪಿನಂತೆ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯನ್ನು ಬ್ರೇಕ್ ಒತ್ತುತ್ತಲೇ ಇಳಿಯುವಾಗ ಆಯಿಲ್ ಕುದಿದು ಆವಿಯಾದರೆ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಆಗ ಪೆಡಲ್ ನೆಲ ಮುಟ್ಟುತ್ತದೆ. ಉಳಿಸಿದ ನಾಲ್ಕು ಕಾಸಿಗೆ ಇದು ತಕ್ಕ ಬೆಲೆಯೇ?

"ಹೆಂಗಸರಿಗೆ ಯಾಕೆ ಇದೆಲ್ಲ?" ಎನ್ನುವವರಿಗೆ ಒಂದು ಕಥೆ. 1888ರಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ ಅವನು ಕಟ್ಟಿದ ಕಾರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, 100 ಕಿಲೋಮೀಟರಿಗೂ ಹೆಚ್ಚು ದೂರ, ಹೊರಟಳು. ದಾರಿಯಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನ ಬಳಿ ಹೋಗಿ ಅದಕ್ಕೆ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗಿನ ಮೊದಲ ರೂಪ ಅದು. ಯಜಮಾನರನ್ನು ಕಳಿಸಿ ಎಂದು ಅವಳಿಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ಅವಳು ಕೇಳುವವಳಲ್ಲ.

ನಾವೇ ಸ್ಪ್ಯಾನರ್ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಎಬಿಎಸ್ ಇರುವ ಕೆಲವು ಕಾರುಗಳಿಗೆ ಬ್ಲೀಡಿಂಗ್ ಮಾಡಲು ಕಂಪ್ಯೂಟರ್ ಯಂತ್ರವೇ ಬೇಕು. ಕೇಳುವ ಹಕ್ಕಂತೂ ನಮ್ಮದೇ. ಬ್ರೇಕಿನ ಕೊಳವೆ ಬಿಚ್ಚಿದ್ದರೆ, "ಬ್ಲೀಡ್ ಮಾಡಿದ್ದೀರಾ? ಯಾವ ಆಯಿಲ್ ಹಾಕಿದಿರಿ? ಬಿಲ್ಲಿನಲ್ಲಿ ಬರೆಯಿರಿ" ಎನ್ನಿ. ಎಂಜಿನ್ ಚಾಲೂ ಮಾಡಿ, ಕಾರು ನಿಂತಲ್ಲೇ ಪೆಡಲ್ ಒತ್ತಿ ನೋಡಿ. ಸ್ಪಂಜಿನಂತಿದ್ದರೆ ಗಾಳಿಯ ಶಂಕೆ. ಒತ್ತಿ ಹಿಡಿದಂತೆ ಮೆಲ್ಲಗೆ ಕುಸಿಯುತ್ತ ಹೋದರೆ ಸೋರಿಕೆಯೋ ಮಾಸ್ಟರ್ ಸಿಲಿಂಡರಿನ ದೋಷವೋ ಇರಬಹುದು. ಎರಡರಲ್ಲಿ ಯಾವುದಿದ್ದರೂ ಕೀಲಿಕೈ ಅವರಿಗೇ ಕೊಟ್ಟು ಅಲ್ಲೇ ಕುಳಿತುಬಿಡಿ. ನಾನು ಹಾಗೆಯೇ ಕುಳಿತೆ. ಒಂದು ಗಂಟೆಯ ಮೇಲೆ ನಳಿಗೆಯಲ್ಲಿ ಸಾಲುಸಾಲಾಗಿ ಗುಳ್ಳೆ ಹೊರಬಂತು. ನನ್ನ ಕಾಲು ಹಗುರವೆಂದವರು ಆಮೇಲೆ ಮಾತಾಡಲಿಲ್ಲ.